ಕೆಂಪು ಒಂದು

ಕಲ್ಲು ನೋಡಿ ಇಂಥದ್ದು ಎಂದು ಬಾಯಲ್ಲಿ ಹೇಳಿದರೆ ಒಂದು ಹೊತ್ತಿನ ಊಟದ ದುಡ್ಡು. ಅದನ್ನೇ ಕಾಗದದಲ್ಲಿ ಬರೆದು ರುಜು ಹಾಕಿಕೊಟ್ಟರೆ ಒಂದು ದಿನದ ಕೂಲಿ. ಅಂಗಡಿಯಲ್ಲಿಟ್ಟ ಕಲ್ಲು ಹೆಚ್ಚುಕಮ್ಮಿಯಾದರೆ ಅದರ ಪೂರಾ ಬೆಲೆ ಅಂಗಡಿಯ ತಲೆಯ ಮೇಲೆ. ಅಪ್ಪನ ಕಾಲದಿಂದಲೂ ಕಲ್ಲು ಪರೀಕ್ಷೆಯ ಆ ಅಂಗಡಿಯ ಕಟ್ಟಳೆ ಇದೇ. ಅಷ್ಟು ವರ್ಷಗಳಲ್ಲಿ ಪೂರಾ ಬೆಲೆ ತೆತ್ತದ್ದು ಒಂದೇ ಸಲ. ತೆತ್ತದ್ದು ಮನೆಯ ಸೊಸೆಯ ಕೈಯ ನಾಲ್ಕು ಬಳೆ.

ಈಗ ಅಂಗಡಿ ಮಗಳದ್ದು. ಪೇಟೆಯವರು ಅವಳನ್ನು ಕಲ್ಲಕ್ಕ ಎನ್ನುತ್ತಿದ್ದರು. ಕಲ್ಲು ನೋಡುವ ಅಕ್ಕ ಎಂದೋ, ಕಲ್ಲಿನಂಥ ಅಕ್ಕ ಎಂದೋ, ಅವಳು ವಿಚಾರಿಸಲು ಹೋಗಿರಲಿಲ್ಲ.

ಅಪ್ಪನ ಮಾತು ಒಂದಿತ್ತು: ದೀಪ ಸುಳ್ಳು ಹೇಳುತ್ತದೆ, ಕಿಟಕಿ ನಿಜ ಹೇಳುತ್ತದೆ. ಹಾಗಾಗಿ ಬಡಗಣ ಕಿಟಕಿಯ ಕೆಳಗೆ ಮೇಜು, ಕಲ್ಲನ್ನು ನೋಡುವುದು ಹಗಲಿನ ಬೆಳಕಿನಲ್ಲಿ ಮಾತ್ರ, ಸಂಜೆಯಾದರೆ ಬಾಗಿಲು ಮುಚ್ಚುವುದು. ಹದಿನೆಂಟು ವರ್ಷದ ಹಿಂದೆ ಒಂದು ದಿನ ಅಪ್ಪನಿಗೆ ಜ್ವರ. ಬಾಗಿಲು ಹಾಕುವ ಹೊತ್ತಿಗೆ ಬಂದ ಗಿರಾಕಿಯೊಬ್ಬನ ಕಲ್ಲನ್ನು ಅತ್ತಿಗೆ ಹಳದಿ ಬಲ್ಬಿನ ಕೆಳಗೆ ತೂಗಿ, ಪೊಟ್ಟಣ ಕಟ್ಟಿ, ಮೇಲೆ ಬರೆದಿಟ್ಟಳು: ಕೆಂಪು ಒಂದು, ನಾಲ್ಕೂಕಾಲು ಕ್ಯಾರೆಟ್. ಬೆಳಿಗ್ಗೆ ಕಿಟಕಿಯ ಹತ್ತಿರ ಪೊಟ್ಟಣ ಬಿಚ್ಚಿದವಳು ಕಲ್ಲಕ್ಕ. ಒಳಗಿದ್ದದ್ದು ಹಸಿರು ಕಲ್ಲು.

ಕಲ್ಲನ್ನು ಹಿಂದಿನ ಸಂಜೆಯಷ್ಟೇ ಕೊಂಡಿದ್ದ ಗಿರಾಕಿ ತಾನು ಕೊಟ್ಟದ್ದು ಕೆಂಪೇ ಎಂದ. ಅತ್ತಿಗೆಯೂ ಕೆಂಪೇ ಎಂದಳು. ತೂಕ ನೋಡಿ, ಅದೇ ತೂಕ ಇದೆಯಲ್ಲ ಎಂದು ಅಂಗಲಾಚಿದಳು. ಅವಳ ಕಡೆಗಿದ್ದ ಸಾಕ್ಷಿ ಅದೊಂದೇ. ಆಗ ಕಲ್ಲಕ್ಕನ ಬಾಯಿಂದ ಬಂದ ಮಾತು ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು.

"ತೂಕಕ್ಕೆ ತೂಕ ಹೊಂದಿಸಿ ಇಟ್ಟಿದ್ದಾಳೆ. ಕೈ ಪಳಗಿದೆ."

ಬಳೆ ಮಾರಿ ಗಿರಾಕಿಗೆ ಬೆಲೆ ಕೊಟ್ಟರು. ಅವನು ಹಸಿರು ಕಲ್ಲನ್ನು ಮೂಸಿಯೂ ನೋಡದೆ ಬಿಟ್ಟುಹೋದ. ಅಪ್ಪ ಮಗ-ಸೊಸೆಗೆ ಬೇರೆ ಮನೆ ಮಾಡಿಸಿದ. ಅತ್ತಿಗೆ ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಸತ್ತು ನಾಲ್ಕು ವರ್ಷ.

ಆದರೆ ಅವಳು ಪೂರ್ತಿ ಹೋಗಿರಲಿಲ್ಲ. ಪೊಟ್ಟಣ ಕಟ್ಟುವಾಗ ಅತ್ತಿಗೆಗೆ ಮೂಲೆಯಲ್ಲೊಂದು ಕಿವಿ ಹೆಚ್ಚಿಗೆ ಮಡಿಸುವ ರೂಢಿ. ಅವಳು ಹೋದ ಮೇಲೆ ಅದೇ ಕಿವಿ ಕಲ್ಲಕ್ಕನ ಪೊಟ್ಟಣಗಳಲ್ಲಿ ಮೂಡತೊಡಗಿತು. ಬಿಚ್ಚಿ ಸರಿಮಾಡಿ, ಮಾತಾಡುತ್ತ ಮತ್ತೆ ಮಡಿಸಿದರೆ ಮತ್ತೆ ಕಿವಿ. ಬಾಗಿಲು ಹಾಕುವ ಹೊತ್ತಿಗೆ ಬೆನ್ನ ಹಿಂದೆ ಕಾಗದ ಮಡಿಸುವ ಸದ್ದು. ತಿರುಗಿದರೆ ಯಾರೂ ಇಲ್ಲ, ಮೇಜಿನ ಕೆಳಖಾನೆಯೊಂದೇ. ಹಸಿರು ಕಲ್ಲು ಇದ್ದದ್ದು ಅದರಲ್ಲಿ. ಕಲ್ಲಕ್ಕ ಅದನ್ನು ತೆರೆದವಳಲ್ಲ.

ಈ ವರ್ಷ ಅಂಗಡಿಗೆ ಸುಣ್ಣ ಬಳಿಸಬೇಕಾಯಿತು. ಸುಣ್ಣ ಬಳಿಯುವವನು ಬಂದವನೇ ಕಿಟಕಿಗೆ ದಪ್ಪ ಗೋಣಿ ಇಳಿಬಿಟ್ಟ. ಕಲ್ಲು ನೋಡುವವರಿಗೆ ಕತ್ತಲಾದರೇನು, ಕಲ್ಲೇ ಹೊಳೆಯುತ್ತದಲ್ಲ ಎಂದು ನಗೆಯಾಡಿದ. ಹಳೆಯ ಹಳದಿ ಬಲ್ಬು ಹಾಕಿಕೊಂಡು ಅವಳು ಮೇಜು ಖಾಲಿ ಮಾಡುತ್ತ ಕೂತಳು. ಕೆಳಖಾನೆ ಎಳೆಯದೆ ಮೇಜು ಅಲುಗುವಂತಿರಲಿಲ್ಲ. ಕಿವಿ ಮಡಿಸಿದ ಪೊಟ್ಟಣ ಕೈಗೆ ಬಂತು, ಬಿಚ್ಚಿದಳು.

ಅಂಗೈಯಲ್ಲಿ ಕೆಂಪು ಕಲ್ಲು.

ಅವಳು ಎದ್ದು, ಗೋಣಿಯ ಅಂಚನ್ನು ಬೆರಳಗಲ ಸರಿಸಿದಳು. ಹಸಿರು. ಬಲ್ಬಿನ ಕೆಳಗೆ ತಂದಳು. ಕೆಂಪು. ಹಗಲಿನಲ್ಲಿ ಒಂದು ಬಣ್ಣ, ಬೆಂಕಿಯ, ಹಳದಿ ಬಲ್ಬಿನ ಬೆಳಕಿನಲ್ಲಿ ಇನ್ನೊಂದು ಬಣ್ಣ ತೋರುವ ಕಲ್ಲುಗಳಿವೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಈಚಿನ ವರ್ಷಗಳಲ್ಲಿ ಅಂಥ ಎರಡಕ್ಕೆ ತಾನೇ ಕಾಗದ ಬರೆದುಕೊಟ್ಟಿದ್ದಳು. ಬರೆಯುವಾಗ ಎರಡು ಸಲವೂ ಕೆಳಖಾನೆಯ ಕಡೆ ಕಣ್ಣು ಹೋಗಿತ್ತು. ಎರಡು ಸಲವೂ ಕಣ್ಣನ್ನು ಹಿಂದಕ್ಕೆ ಎಳೆದುಕೊಂಡಿದ್ದಳು.

ತಕ್ಕಡಿಗೆ ಹಾಕಿದಳು. ನಾಲ್ಕೂಕಾಲು.

ಅಣ್ಣನ ಮನೆ ನಾಲ್ಕು ಬೀದಿ ಆಚೆ. ಅಣ್ಣ ಬಿಳಿ ದೀಪದ ಕೆಳಗೆ ಕಲ್ಲನ್ನು ಹಿಡಿದು ನೋಡಿ, ಈ ಹಸಿರು ದರಿದ್ರವನ್ನು ಮನೆಗೆ ಯಾಕೆ ತಂದೆ ಎಂದು ಸಿಡುಕಿದ. ಅವಳು ಅವನನ್ನು ಕಿಟಕಿಯಿಲ್ಲದ ಒಳಕೋಣೆಗೆ ಕರೆದೊಯ್ದು, ಒಲೆಯ ಪಕ್ಕದ ಬೆಂಕಿಪೆಟ್ಟಿಗೆ ತಂದು ಒಂದು ಕಡ್ಡಿ ಗೀರಿದಳು.

ಕಡ್ಡಿ ಉರಿಯುವಷ್ಟು ಹೊತ್ತು ಅಣ್ಣನ ಅಂಗೈಯಲ್ಲಿ ಕಲ್ಲು ಕೆಂಪಗೆ ಕಣ್ಣು ಬಿಟ್ಟುಕೊಂಡಿತ್ತು. ಕಡ್ಡಿ ಆರಿತು.

"ಇನ್ನೊಂದು ಗೀರು," ಎಂದ ಅಣ್ಣ.

ಗೀರಿದಳು. ಇನ್ನೊಂದು ಎಂದ. ಹಾಗೆ ಏಳೆಂಟು ಕಡ್ಡಿ. ಕತ್ತಲಾದಾಗಲೆಲ್ಲ ಅವರಿಬ್ಬರ ನಡುವೆ ಮೂರನೆಯವರು ಉಸಿರಾಡಿದಂತೆ ಅವಳಿಗೆ ಅನ್ನಿಸುತ್ತಿತ್ತು, ಬೆಳಕಾದಾಗ ಇಬ್ಬರೇ.

"ಸಾಯೋ ಹಿಂದಿನ ವಾರಾನೂ ಕೇಳಿದೆ ನಾನು," ಎಂದ ಅಣ್ಣ ಕತ್ತಲಲ್ಲಿ. "ಈಗಲಾದ್ರೂ ಹೇಳಿಬಿಡು, ಕೆಂಪು ಕಲ್ಲು ಎಲ್ಲಿಟ್ಟೆ ಅಂತ."

"ಏನಂದ್ಲು?"

"ಎಲ್ಲಿಟ್ಟೆ ಅನ್ನೋದು ಮರೆತುಹೋಗಿದೆ, ತಪ್ಪಾಯ್ತು ಅಂದ್ಲು." ಅವನು ಕಲ್ಲನ್ನು ಇನ್ನೊಂದು ಅಂಗೈಗೆ ದಾಟಿಸಿದ. "ಕೊನೆಗೂ ಒಪ್ಪಿಕೊಂಡ್ಲಲ್ಲ ಅಂತ ನಾನು ಸಮಾಧಾನಪಟ್ಟೆ ಕಣಮ್ಮ."

ಕಲ್ಲಕ್ಕನಿಗೆ ಮುಂದಿನ ಕಡ್ಡಿ ಗೀರಲಾಗಲಿಲ್ಲ. ಕದಿಯದವಳ ತಲೆಯೊಳಗೆ ಕಳವನ್ನು ತುಂಬಿಸಿ ಕಳಿಸಿದ್ದರು. ಹದಿನಾಲ್ಕು ವರ್ಷ ಒಬ್ಬ ಕೇಳಿದ. ಅವನಿಗೆ ಕೇಳಲು ಕಲಿಸಿಕೊಟ್ಟವಳು ತಾನು.

"ಆ ಮಾತು ನಂದು, ಅಣ್ಣ. ತೂಕಕ್ಕೆ ತೂಕ ಅಂದಿದ್ದು."

"ನೀನು ಒಂದು ಸಲ ಅಂದೆ," ಎಂದ ಅವನು. "ನಾನು ದಿನಾ ಅಂದೆ."

ಕಲ್ಲು ಬೇಡ ಎಂದ. ಪೊಟ್ಟಣವನ್ನೂ ಬೇಡ ಎನ್ನುವವನಿದ್ದ, ಆದರೆ ಅದರ ಮೇಲಿನ ಹೆಂಡತಿಯ ಅಕ್ಷರ ನೋಡಿ ಇಟ್ಟುಕೊಂಡ.

ಮಾರನೆಯ ದಿನ ಕಲ್ಲಕ್ಕ ಅಂಗಡಿಯ ಒಳ್ಳೆಯ ಕಾಗದದಲ್ಲಿ ಪರೀಕ್ಷೆಯ ಫಲ ಬರೆದಳು: ಹಗಲಿಗೆ ಹಸಿರು, ಹಳದಿ ದೀಪಕ್ಕೆ ಕೆಂಪು, ಕಲ್ಲು ಒಂದೇ, ತೂಕ ನಾಲ್ಕೂಕಾಲು. ತಂದವರು ಎನ್ನುವ ಸಾಲಿನಲ್ಲಿ ಅತ್ತಿಗೆಯ ಹೆಸರು ಬರೆದು ರುಜು ಹಾಕಿದಳು. ಕಾಗದ ಮಡಿಸಿದಾಗ ಮೂಲೆಯಲ್ಲಿ ಕಿವಿ ಎದ್ದಿತು. ಈ ಸಲ ಅವಳು ಸರಿಮಾಡಲು ಹೋಗಲಿಲ್ಲ. ಬೆನ್ನ ಹಿಂದಿನ ಸದ್ದು ನಿಂತೀತು ಎಂದುಕೊಂಡಿದ್ದಳು. ಸಂಜೆ ಬಾಗಿಲು ಹಾಕುವಾಗ ಅದು ಇದ್ದೇ ಇತ್ತು.

ಆ ಕಲ್ಲಿನ ಬೆಲೆಗೆ ಅಂಗಡಿ, ಮನೆ ಎರಡನ್ನೂ ಇನ್ನೊಮ್ಮೆ ಕೊಳ್ಳಬಹುದಿತ್ತು. ಸಿಕ್ಕಿದ್ದು ಅದು. ಹೋದದ್ದು ನಾಲ್ಕು ಬಳೆ, ಒಬ್ಬಳು ಅತ್ತಿಗೆ, ಮತ್ತು ಅವಳು ಸುಳ್ಳಾಡಲಿಲ್ಲ ಎಂದು ಅವಳಿಗೇ ಹೇಳುವ ಅವಕಾಶ.