ಸಕ್ಕರೆ ಇದ್ದೂ ಹಸಿದಿದ್ದೆ

ನಾನು ಒಂದು ಟೊಮೆಟೊ ಸಸಿ. ಹೊಲ ಕಂಡವಳಲ್ಲ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ, ತಾಯಿಗಿಡದ ಎಲೆಯ ಉಗುರಿನಷ್ಟು ಚೂರಿನಿಂದ, ಗಾಜಿನ ಬಾಟಲಿಯೊಳಗೆ ಹುಟ್ಟಿದೆ. ಬುಡದಲ್ಲಿ ಮಣ್ಣಿರಲಿಲ್ಲ. ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದ ಆಹಾರವಿತ್ತು. ಅದನ್ನೇ ಉಂಡು ನಾಲ್ಕು ಎಲೆ ಬಿಟ್ಟೆ.

ನನ್ನನ್ನು ಬೆಳೆಸಿದವಳು ನೀಲಾಂಬಿಕಾ, ಪಿಎಚ್‌ಡಿ ಮಾಡುತ್ತಿದ್ದಳು. ಅವಳ ಪ್ರಯೋಗ ಆಗಲೇ ಎರಡು ಸಲ ಕೆಟ್ಟಿತ್ತು. ಇದೇ ಕೊನೆಯ ಅವಕಾಶ ಎಂದು ಗುರುಗಳು ಹೇಳಿಬಿಟ್ಟಿದ್ದರು.

ಒಂದು ಸೋಮವಾರ ಅವಳು ನನ್ನ ಬುಡ ಕತ್ತರಿಸಿ ಹೊಸ ಬಾಟಲಿಯಲ್ಲಿ ಊರಿದಳು. ಪಕ್ಕದ ಬಾಟಲಿಯಲ್ಲಿ ನನ್ನ ತಾಯಿಗಿಡದಿಂದಲೇ ಬಂದ ಇನ್ನೊಂದು ಸಸಿ. ಇಬ್ಬರಿಗೂ ಒಂದೇ ಊಟ. ಆದರೆ ಈ ಸಲದ ಸಕ್ಕರೆ ಬೇರೆ. ಅದರ ಹೆಸರು ಮ್ಯಾನೋಸ್. ನಾನು ಎಂದಿನಂತೆ ಹೀರಿದೆ. ಅದು ಒಳಗೆ ಬಂತು, ಬಂದಲ್ಲೇ ನಿಂತಿತು. ವಾರದೊಳಗೆ ಕೆಳಗಿನ ಎಲೆ ಹಳದಿಯಾಯಿತು.

ಬಾಟಲಿ ತೊಳೆಯುವ ಬಸಲಿಂಗವ್ವ ಅದನ್ನು ಮೊದಲು ಗಮನಿಸಿದಳು.

"ಅಕ್ಕಾರ, ಬುಡಕ್ಕ ಇಷ್ಟು ಸಕ್ರಿ ಐತಿ, ಇದ್ಯಾಕ ಬಾಡಾಕತ್ತೈತಿ?"

"ಆ ಸಕ್ರಿ ಒಳಗ ತಗೊಂಡು ಅದಕ್ಕ ರಂಜಕ ಕೂಡಿಸ್ತೈತಿ, ಬಸಲಿಂಗವ್ವ. ಮುಂದ ಅದನ್ನ ತನಗ ಒಗ್ಗೋ ಸಕ್ರಿ ಮಾಡಿಕೊಳ್ಳಾಕ ಒಂದು ಕಿಣ್ವ ಬೇಕು. ಇದರ ಹತ್ರ ಅದು ಸಾಲಂಗಿಲ್ಲ. ಸಕ್ರೀನೂ ರಂಜಕಾನೂ ಎರಡೂ ಒಳಗ ಸಿಕ್ಕೊಂಡು ಬಿಡ್ತಾವು, ಗಿಡದ ಉಪಯೋಗಕ್ಕ ಬರಂಗಿಲ್ಲ."

"ಮತ್ತ ಬಾಜೂದು ಹಸರೈತಲ್ಲ?"

"ಅದಕ್ಕ ಆ ಕಿಣ್ವ ಮಾಡೋ ಜೀನ್ ಸೇರಿಸೀನಿ."

"ಇದಕ್ಕೂ ಸೇರಸ್ರಲ್ಲ, ಪಾಪ."

ನೀಲಾಂಬಿಕಾ ನನ್ನ ಕಡೆ ನೋಡಲಿಲ್ಲ. "ಇದು ಬಾಡಿದ್ರನ, ಅದು ಕಿಣ್ವದಿಂದ ಬದುಕೇತಿ ಅಂತ ಹೇಳಾಕ ಬರ್ತೈತಿ."

ಕೇಳಿಸಿಕೊಂಡೆ. ಬೇಡ ಎನ್ನಲು ಬಾಯಿಲ್ಲ, ಸರಿದು ಕೂರಲು ಕಾಲಿಲ್ಲ. ಹಸಿವಿಗೆ ಹೀರುತ್ತಲೇ ಇದ್ದೆ, ಹೀರಿದಷ್ಟೂ ಸೊರಗಿದೆ. ಬಸಲಿಂಗವ್ವ ಕನಿಕರದಿಂದ ನನ್ನ ಬಾಟಲಿಯನ್ನು ದೀಪದ ಹತ್ತಿರಕ್ಕೆ ಸರಿಸಿದಳು. ಮರುದಿನ ನೀಲಾಂಬಿಕಾ ಅದನ್ನು ಮೊದಲಿನ ಜಾಗಕ್ಕೇ ಇಟ್ಟಳು. ಎಲ್ಲರಿಗೂ ಒಂದೇ ಬೆಳಕು ಇರಬೇಕಂತೆ. ಅಷ್ಟರಲ್ಲಿ ಪಕ್ಕದವಳ ಬಿಳಿ ಬೇರು ಗಾಜಿಗೆ ತಾಗಿತ್ತು.

ಇಪ್ಪತ್ತೊಂದನೆಯ ದಿನ ಗುರುಗಳು ಬಂದರು. ಚೆನ್ನಾಗಿ ಬೆಳೆದವಳನ್ನು ಬಿಟ್ಟು ನನ್ನನ್ನೇ ಮೊದಲು ಕೈಗೆತ್ತಿಕೊಂಡು, ಬಾಟಲಿ ತಿರುವಿ ತಳ ನೋಡಿದರು.

"ಇದಕ್ಕ ಒಂದೂ ಬೇರು ಬಂದಿಲ್ಲಲ್ಲ?"

"ಒಂದೂ ಇಲ್ಲ, ಸರ್."

"ಇದರಂಥವು ಉಳದ ಬಾಟಲಿಯೊಳಗೂ ಹಿಂಗೇ?"

"ಎಲ್ಲಾ ಹಿಂಗೇ, ಸರ್."

"ಹಂಗಾದ್ರ ಪ್ರಬಂಧ ಬರಿಯಾಕ ಸುರು ಮಾಡವಾ. ಕೆಲಸ ಆತು."

ಅವರು ಹೋದ ಮೇಲೆ ನೀಲಾಂಬಿಕಾ ಮೇಜಿಗೆ ತಲೆಯಿಟ್ಟು ಅತ್ತಳು. ನನಗೆ ಬೇರು ಬಾರದಿದ್ದುದು ಅವಳಿಗೆ ಅಷ್ಟು ಸಂತೋಷ ಕೊಟ್ಟಿತ್ತು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಿಂದಾಗಲಿಲ್ಲ.

ಪಕ್ಕದವಳು ಹಸಿರುಮನೆಗೆ, ಮಣ್ಣಿಗೆ ಹೋದಳು. ನನ್ನಂಥವರನ್ನು ಹಬೆಯಲ್ಲಿ ಬೇಯಿಸಿ ಎಸೆಯುವುದು ರೂಢಿ. ಬುಟ್ಟಿ ತುಂಬುವಾಗ ನೀಲಾಂಬಿಕಾಳ ಕೈ ನನ್ನ ಮೇಲೆ ನಿಂತಿತು. ನನ್ನನ್ನು ಮತ್ತೆ ಹಳೆಯ ಸಕ್ಕರೆಯ ಬಾಟಲಿಗೆ ಊರಿ, ಕಿಟಕಿಯ ಮೂಲೆಯಲ್ಲಿಟ್ಟಳು.

ಈಗ ಅಲ್ಲೇ ಇದ್ದೇನೆ. ನಾಲ್ಕರಲ್ಲಿ ಒಂದು ಎಲೆ ಉಳಿದಿದೆ. ಬಸಲಿಂಗವ್ವ ಗಾಜು ಒರೆಸುತ್ತಾ, "ಉಂಡಿಯೇನವಾ?" ಎಂದು ಕೇಳುತ್ತಾಳೆ.

ಉಣ್ಣುತ್ತಿದ್ದೇನೆ. ಊಟ ಮೈಗೆ ಹತ್ತುತ್ತಿದೆ ಕೂಡ. ಇನ್ನೊಂದು ಎಲೆ ಬಿಡುವಷ್ಟು ದಿನ ಉಳಿದಿವೆಯೋ ಇಲ್ಲವೋ, ಅದು ಮಾತ್ರ ನನಗೆ ತಿಳಿಯದು.