ಇಲಿಗೆ ಕೊಟ್ಟ ಮದ್ದು

"ಇಲಿಗೆ ಕೊಡೋದನ್ನ ನಮ್ಮಮ್ಮನಿಗೆ ಕೊಡೋಕೆ ನಿನಗೇನು ಕಷ್ಟ?"

ಗಂಡ ಇದನ್ನು ಕೇಳಿದ್ದು ಆಸ್ಪತ್ರೆಯಲ್ಲಿ, ಕುಡಿಯುವ ನೀರಿನ ಯಂತ್ರದ ಮುಂದೆ ನಿಂತು. ಹಿಂದೆ ಸರದಿಯಲ್ಲಿದ್ದವರು ಇಬ್ಬರನ್ನೂ ಒಮ್ಮೆ ನೋಡಿ ಮುಖ ತಿರುಗಿಸಿಕೊಂಡರು. ಹೆಂಡತಿ ಬಾಟಲಿ ತುಂಬಿಸಿ, ಮುಚ್ಚಳ ಬಿಗಿ ಮಾಡುತ್ತ, "ಆ ಇಲಿಗಳಿಗೆ ಗಡ್ಡೆ ಇರಲಿಲ್ಲ ಕಣೋ," ಎಂದಳು. ಹೇಳಿ ಹೇಳಿ ಆ ಮಾತು ಅವಳ ಬಾಯಲ್ಲೇ ಸವೆದುಹೋಗಿತ್ತು.

ಅತ್ತೆಯ ಶ್ವಾಸಕೋಶದಲ್ಲಿ ಗಡ್ಡೆಯಿತ್ತು. ಅದಕ್ಕೆ ಕೊಡುತ್ತಿದ್ದ ಔಷಧಿ ಗಡ್ಡೆಯನ್ನು ಕೊಲ್ಲುವ ಭರದಲ್ಲಿ ಕಿಡ್ನಿಯನ್ನೂ ಒಳಗೊಳಗೇ ಸುಡುವಂಥದ್ದು. ವಿಚಿತ್ರವೆಂದರೆ ಸೊಸೆ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದು ಅದೇ ಔಷಧಿಯ ಮೇಲೆ. ಕಬ್ಬಿಣವನ್ನು ತುಕ್ಕು ತಿನ್ನುವ ಹಾಗೆ ಅದು ಕಿಡ್ನಿಯನ್ನು ತಿನ್ನುತ್ತದೆ. ತಡೆಯಲು ಆಂಟಿಆಕ್ಸಿಡೆಂಟ್ ಬೇಕು. ಒಂದು ಮರದ ತೊಗಟೆಯಿಂದ ತೆಗೆದ ಹಳದಿ ಪುಡಿಯನ್ನು ಮೊದಲೇ ತಿನ್ನಿಸಿದ ಇಲಿಗಳ ಕಿಡ್ನಿಗಳು ಹೆಚ್ಚುಕಡಿಮೆ ಸರಿಯಾಗಿಯೇ ಉಳಿದಿದ್ದವು. ಆ ದಿನ ಅವಳು ಮನೆಗೆ ಸಿಹಿ ತಂದಿದ್ದಳು. ಅತ್ತೆಗೆ ಆಗಿನ್ನೂ ಕೆಮ್ಮು ಕೂಡ ಶುರುವಾಗಿರಲಿಲ್ಲ.

ಆದರೆ ಪುಡಿ ಕಿಡ್ನಿಯನ್ನು ಕಾಯುವಾಗ ಗಡ್ಡೆಯನ್ನೂ ಕಾಯುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ಆ ಪ್ರಯೋಗವನ್ನು ಪ್ರಯೋಗಾಲಯದಲ್ಲಿ ಇನ್ನೂ ಮಾಡಿರಲಿಲ್ಲ.

"ಕಿಡ್ನಿ ಸೋಸದೆ ಬಿಟ್ಟ ಕ್ರಿಯಾಟಿನಿನ್ ಈ ಸಲ ರಕ್ತದಲ್ಲಿ ಇನ್ನೂ ಏರಿದ್ರೆ ಔಷಧಿ ಬದಲಾಯಿಸಬೇಕಾಗುತ್ತೆ," ಎಂದಿದ್ದರು ಡಾಕ್ಟರು. "ಇನ್ನೊಂದು ಔಷಧಿ ಕಿಡ್ನಿಗೆ ಮೃದು. ಗಡ್ಡೆ ಅದಕ್ಕೆ ಇಷ್ಟೇ ಬಗ್ಗುತ್ತೆ ಅಂತ ಮಾತ್ರ ಹೇಳೋಕಾಗಲ್ಲ." ಸೊಸೆ ಪುಡಿಯ ಮಾತೆತ್ತಿದ್ದಕ್ಕೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀವೇ ಹೀಗೆ ಕೇಳಿದ್ರೆ ಹೇಗಮ್ಮ? ನೀರು ಕುಡಿಸಿ. ಚೆನ್ನಾಗಿ ನೀರು ಕುಡಿಸಿ."

ಕುಡಿಸಿದಳು. ಅತ್ತೆಯ ಹಿಂದೆ ಲೋಟ ಹಿಡಿದುಕೊಂಡೇ ತಿರುಗಿದಳು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಿಯಾಗಿದ್ದ ಅತ್ತೆ ಗುಟುಕರಿಸಿ ಗುಟುಕರಿಸಿ, "ಮೀನು ಮಾಡ್ತೀಯ ನನ್ನ," ಎಂದು ಗೊಣಗುತ್ತಿದ್ದರು. ಒಂದು ಸಂಜೆ ಅವರ ಕಾಲು ಊದಿದ್ದು ಸೊಸೆಯ ಕಣ್ಣಿಗೆ ಬಿತ್ತು. ಮಾರನೆಯ ದಿನ ಪ್ರಯೋಗಾಲಯದಿಂದ ಹೊರಡುವಾಗ ಪುಟ್ಟ ಸೀಸೆಯೊಂದು ಅವಳ ಚೀಲದಲ್ಲಿತ್ತು. ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಬೆಳಿಗ್ಗೆ ಅಡುಗೆಮನೆಯಲ್ಲಿ ಲೋಟಕ್ಕೆ ಪುಡಿ ಹಾಕಿ ಕಲಕಿದಳು. ಕರಗಲೊಲ್ಲದು, ಮೇಲೆ ಹಳದಿ ಕೆನೆಯಂತೆ ತೇಲಿತು. ಹಿಂದೆ ಚಪ್ಪಲಿ ಎಳೆಯುವ ಸದ್ದಾಯಿತು.

"ಏನದು?"

ವಿಟಮಿನ್ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಗೆ ಹೊರಳಲಿಲ್ಲ. "ಇಲಿಗೆ ಕೊಟ್ಟಿದ್ದು, ಅತ್ತೆ."

"ಡಾಕ್ಟರಿಗೆ ಗೊತ್ತಾ?"

"ಇಲ್ಲ."

"ಕುಡಿದ್ರೆ ಏನಾಗುತ್ತೆ?"

"ಗೊತ್ತಿಲ್ಲ. ಕಿಡ್ನಿ ಉಳೀಬಹುದು. ಗಡ್ಡೇನೂ ಉಳೀಬಹುದು."

"ಮದುವೆಯಾಗಿ ಬಂದ ಮೇಲೆ ನಿನ್ನ ಬಾಯಲ್ಲಿ 'ಗೊತ್ತಿಲ್ಲ' ಕೇಳಿದ್ದು ಇದೇ ಮೊದಲು ಕಣೆ," ಎಂದರು ಅತ್ತೆ. ನಗಲಿಲ್ಲ. ಕೈ ಚಾಚಿದರು. "ಕೊಡಿಲ್ಲಿ."

ಸೊಸೆ ಲೋಟ ಬಿಡಲಿಲ್ಲ. ಅತ್ತೆಯೂ ಹಿಡಿದರು. ಸೂಜಿ ಚುಚ್ಚಿ ಚುಚ್ಚಿ ನೀಲಿಗಟ್ಟಿದ ಆ ಕೈಗೆ ಅಷ್ಟು ಬಲ ಇನ್ನೂ ಉಳಿದಿದೆಯೆಂದು ಅವಳು ಎಣಿಸಿರಲಿಲ್ಲ.

"ಬದುಕೋ ಆಸೆ ನನಗಿಲ್ವಾ?" ಎಂದರು ಅತ್ತೆ, ಮೆಲ್ಲಗೆ.

"ಇದೆ ಅತ್ತೆ. ಅದಕ್ಕೇ ಕೊಡಲ್ಲ."

ಕೈ ಸಡಿಲವಾಯಿತು. ಅವಳು ಲೋಟವನ್ನು ಸಿಂಕಿಗೆ ಬಗ್ಗಿಸಿ ನಲ್ಲಿ ತಿರುಗಿಸಿದಳು.

"ಸಿಟ್ಟು ಬಂತಾ?"

"ಬರದೆ ಇನ್ನೇನು," ಎಂದು ಅತ್ತೆ ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು.

ರಕ್ತದಲ್ಲಿ ಕ್ರಿಯಾಟಿನಿನ್ ಏರಿಯೇ ಇತ್ತು. ಔಷಧಿ ಬದಲಾಯಿಸಿದರು. "ಈಗ ಸಮಾಧಾನ ಆಯ್ತಾ?" ಎಂದ ಗಂಡ ಆಮೇಲೆ ಅವಳೊಂದಿಗೆ ಮಾತು ಬಿಟ್ಟ, ಉಪ್ಪು ಬೇಕಾದರೂ ತಾನೇ ಎದ್ದು ತೆಗೆದುಕೊಳ್ಳುತ್ತಿದ್ದ. ಅಡುಗೆಮನೆಯಲ್ಲಿ ನಡೆದದ್ದನ್ನು ಅವಳು ಹೇಳಲಿಲ್ಲ, ಅತ್ತೆಯೂ ಬಾಯಿ ಬಿಡಲಿಲ್ಲ. ಪ್ರಯೋಗಾಲಯದಲ್ಲಿ ಗಡ್ಡೆಯಿರುವ ಇಲಿಗಳನ್ನು ತರಿಸುವ ಮಾತು ನಡೆಯುತ್ತಿತ್ತು. ಆ ಪ್ರಯೋಗ ಮುಗಿಯುವಷ್ಟರಲ್ಲಿ ಏನೇನಾಗಿರುತ್ತದೋ ಎಂದು ಅವಳು ಯೋಚಿಸಲು ಹೋಗಲಿಲ್ಲ. ಸಾಕಾಗಿತ್ತು.

ಹೊಸ ಔಷಧಿಯ ಮೇಲೆ ಮೊದಲ ಸ್ಕ್ಯಾನ್ ಬಂತು. "ಕರಗಿಲ್ಲ, ಬೆಳೆದೂ ಇಲ್ಲ," ಎಂದರು ಡಾಕ್ಟರು. ಸಂತೋಷಪಡಬೇಕೋ ಬೇಡವೋ ತಿಳಿಯದೆ ಮೂವರೂ ಕಾರಿನಲ್ಲಿ ಮನೆಗೆ ಬಂದರು. ಕಿಡ್ನಿ ಮಾತ್ರ ಇನ್ನಷ್ಟು ಕೆಡದೆ ಇದ್ದಲ್ಲೇ ನಿಂತಿತ್ತು. ಕಾಲಿನ ಊತ ಇಳಿದಿತ್ತು.

ಭಾನುವಾರ ಮಧ್ಯಾಹ್ನ ಅವಳು ಸೋಫಾದ ಮೂಲೆಯಲ್ಲಿ ಕಣ್ಣು ಮುಚ್ಚಿ ಒರಗಿದ್ದಾಗ ಮಡಿಲಲ್ಲಿ ಏನೋ ತಣ್ಣಗೆ ಭಾರವಾಯಿತು. ಅತ್ತೆ ಪಕ್ಕಕ್ಕೆ ಬಂದು ಕೂತು ಎರಡೂ ಪಾದಗಳನ್ನು ಅವಳ ತೊಡೆಯ ಮೇಲೆ ಇಟ್ಟಿದ್ದರು.

"ಉಗುರು ಬೆಳೆದಿದೆ. ನನಗೆ ಬಗ್ಗೋಕಾಗಲ್ಲ."

ಅವಳು ಉಗುರು ಕತ್ತರಿ ತಂದು ಕಿರುಬೆರಳಿನಿಂದ ಶುರು ಮಾಡಿದಳು. ಎದುರಿನ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಗಂಡ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಎದ್ದು ಬಂದು ನೆಲದ ಮೇಲೆ ಕೂತು, ಪೇಪರಿನ ಒಂದು ಹಾಳೆ ಬಿಡಿಸಿ ತಾಯಿಯ ಪಾದದ ಕೆಳಗೆ ಎರಡೂ ಕೈಯಲ್ಲಿ ಹಿಡಿದ. ಉಗುರಿನ ಚೂರುಗಳು ಒಂದೊಂದಾಗಿ ಟಪ್ ಟಪ್ ಎಂದು ಅದರ ಮೇಲೆ ಬೀಳತೊಡಗಿದವು.