ಹಳೆಯ ಹೆಸರಿನ ಬುಟ್ಟಿ

"ಬುಟ್ಟಿಯಿಂದ ಒಮ್ಮೆ ತೆಗೆದುಕೊಡು" ಎಂದು ಇಬ್ರಾಹಿಂ ಖಲೀಲ್ ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಎದ್ದು ಮಗಳಿಗೆ ಜಾಗ ಬಿಟ್ಟರು. "ಇಲ್ಲೇ ಎಲ್ಲಿಯೋ ಇರ್ತದೆ. ನನಗೆ ಸಿಗುದಿಲ್ಲ ಅಷ್ಟೆ."

ರಾಫಿಯಾ ಕೂತಳು. ಮಡಂತ್ಯಾರಿನಿಂದ ಬಂಟ್ವಾಳಕ್ಕೆ ಬಂದು, ಅಲ್ಲಿಂದ ಸಿದ್ಧಕಟ್ಟೆ ದಾರಿಯ ಬಸ್ಸಿನಲ್ಲಿ ನಿಂತೇ ಮೂಡುಬಿದಿರೆಯ ಈ ಮನೆ ತಲುಪಿದ್ದಳು. ಅಂಗೈಯಲ್ಲಿ ಇನ್ನೂ ಬಸ್ಸಿನ ಕಂಬಿಯ ವಾಸನೆ ಇತ್ತು. ಉಪ್ಪನ, ಅಂದರೆ ಅಪ್ಪನ, ತಂಗಿ ರಶೀನಾ ಮಾಮಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಅವರ ಗಂಡ ಹನೀಫಾ ಮಾಮ ತೀರಿಹೋಗಿ ವರ್ಷವಾಗುತ್ತ ಬಂದಿತ್ತು. ಮಾಮನ ಫೋನಿನಲ್ಲಿದ್ದ ವಿಡಿಯೋ, ಫೋಟೊಗಳನ್ನೆಲ್ಲ ಈ ಕಂಪ್ಯೂಟರಿಗೆ ಹಾಕಿ, ಫೋನನ್ನು ಖಾಲಿ ಮಾಡಿ ಯಾರಿಗೋ ಕೊಟ್ಟಾಗಿತ್ತು. ಅವನ್ನು ಒಂದು ಕಡೆ ಸರಿಯಾಗಿ ಜೋಡಿಸಿಕೊಡಲಿ ಎಂದು ಮಾಮಿ ಅಣ್ಣನನ್ನು ಕರೆಸಿದ್ದರು. ಮದುವೆ ವಿಡಿಯೋ ಮಾಡುವ ಅಣ್ಣನೇ ಇರುವಾಗ ಬೇರೆಯವರು ಯಾಕೆ?

ಆಜ್ಞೆಗಳನ್ನು ಬರೆಯುವ ಕಪ್ಪು ಪರದೆಯ ಮೇಲೆ ಉಪ್ಪ ಬೆಳಗಿನಿಂದ ಟೈಪ್ ಮಾಡಿದ್ದೆಲ್ಲ ಸಾಲಾಗಿ ಬಿದ್ದುಕೊಂಡಿತ್ತು. ಮೊದಲು ಮಾಮನದ್ದನ್ನೆಲ್ಲ ಹೊಸ ಫೋಲ್ಡರಿಗೆ ನಕಲು ಮಾಡಿದ್ದು. ಆಮೇಲೆ ಆರ್, ಎಂ ಎಂಬ ಎರಡಕ್ಷರ. ಅಂದರೆ ಮೂಲವನ್ನು ಅಳಿಸಿದ್ದು. ಆಮೇಲೆ, ಕೂತಲ್ಲೇ ತನ್ನ ಕೆಲಸವೂ ಮುಗಿಯಲಿ ಎಂದು, ಜೊತೆಗೆ ತಂದಿದ್ದ ಎರಡು ಮದುವೆಗಳನ್ನು ಖಾಲಿಯಾದ ಜಾಗಕ್ಕೆ ಸುರಿದದ್ದು. ನಡುವೆ ಒಂದು ಸಾಲು, ಜಾಗ ಸಾಲದೆ ನಕಲು ಅರ್ಧಕ್ಕೇ ನಿಂತಿದೆ ಎಂದು ಹೇಳಿತ್ತು. ಉಪ್ಪ ಅದನ್ನು ಓದಿರಲಿಲ್ಲ. ಓದುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು.

ತಪ್ಪಿಸಿದವಳು ರಾಫಿಯಾಳೇ. ಮೌಸ್ ಹಿಡಿದರೆ ಉಪ್ಪನ ಕೈ ನಡುಗುತ್ತಿತ್ತು, ಕೀಲಿಗಳ ಮೇಲೆ ಇಟ್ಟರೆ ನಡುಗುತ್ತಿರಲಿಲ್ಲ. ಹಾಗಾಗಿ ಕಡತ ಎತ್ತಿಡುವುದು, ಬಿಸಾಡುವುದು ಎಲ್ಲ ಕಪ್ಪು ಪರದೆಯಲ್ಲಿಯೇ ಎಂದು ಅವಳೇ ಕಲಿಸಿದ್ದಳು. ಕಲಿಸಿದ ಮೇಲೆ ಹೆದರಿಕೆಯಾಯಿತು. ಅಲ್ಲಿ ಅಳಿಸಿದ್ದು ಅಳಿಸಿಯೇ ಹೋಗುತ್ತದೆ. ಅದಕ್ಕೆಂದೇ ಡಿಗ್ರಿ ಮುಗಿದ ರಜೆಯಲ್ಲಿ ಕೂತು ತಾನೇ ಒಂದು ಅಳಿಸುವ ಆಜ್ಞೆ ಬರೆದಳು. ಅದು ಅಳಿಸುವುದಿಲ್ಲ, ಸದ್ದಿಲ್ಲದೆ ಒಂದು ಬುಟ್ಟಿಯಲ್ಲಿ ತುಂಬಿಡುತ್ತದೆ. ಹೆಸರು ಮಾತ್ರ ಹಳೆಯದೇ, ಅದೇ ಎರಡಕ್ಷರ. ಉಪ್ಪನ ಬೆರಳು ಹೊಸತು ಕಲಿಯಬೇಕಾಗಿಲ್ಲ.

ಬೆಳ್ತಂಗಡಿಯ ನಿತೇಶ್, ಅವಳ ಜೊತೆ ಓದಿದವನು, ಅದನ್ನು ನೋಡಿ ಹೊಗಳಿದ್ದ. ಹೊಗಳಿ, "ಆದ್ರೆ ಹೆಸರು ಬೇರೆ ಇಡು ಮಾರಾಯ್ತಿ" ಅಂದಿದ್ದ. "ನಾಳೆ ಬೇರೆ ಕಂಪ್ಯೂಟರಲ್ಲಿ ಕೂತ್ರೆ ಆ ಕೈ ಎಂತ ಮಾಡ್ತದೆ?" ಉಪ್ಪ ಮಡಂತ್ಯಾರು ಬಿಟ್ಟು ಎಲ್ಲಿಗೆ ಹೋಗ್ತಾರೆ ಎಂದು ಅವಳು ನಕ್ಕಿದ್ದಳು. ಒಮ್ಮೆ ಯಾರದೋ ಮೆಹಂದಿಯ ವಿಡಿಯೋ ಅಳಿಸಿಹೋಗಿ ಅವಳು ಬುಟ್ಟಿಯಿಂದ ತೆಗೆದುಕೊಟ್ಟ ಮೇಲೆ, ಈಗಿನ ಕಂಪ್ಯೂಟರಿನಲ್ಲಿ ಎಂಥದೂ ಹೋಗುವುದಿಲ್ಲ ಎಂದು ಉಪ್ಪ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಅವಳು ತಿದ್ದಿರಲಿಲ್ಲ. ಆ ಖುಷಿ ನೋಡಲು ಚೆನ್ನಾಗಿತ್ತು.

ಈ ಮನೆಯ ಕಂಪ್ಯೂಟರನ್ನು ಸಿದ್ಧ ಮಾಡಿಕೊಟ್ಟವಳೂ ಅವಳೇ. ಆದರೆ ಹನೀಫಾ ಮಾಮ ಕಪ್ಪು ಪರದೆಯ ಹತ್ತಿರವೂ ಸುಳಿಯುವವರಲ್ಲವಾದ್ದರಿಂದ ಬುಟ್ಟಿ ಇಟ್ಟಿರಲಿಲ್ಲ.

"ಉಪ್ಪ, ಇದರಲ್ಲಿ ಬುಟ್ಟಿ ಇಲ್ಲ."

"ಇಲ್ಲ ಅಂದ್ರೆ? ನಮ್ಮದರಲ್ಲಿ ಉಂಟಲ್ಲ."

"ನಮ್ಮದರಲ್ಲಿ ನಾನು ಮಾಡಿಟ್ಟದ್ದು."

ಉಪ್ಪ ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡುತ್ತ ನಿಂತರು.

ಅಳಿಸಿದ್ದನ್ನು ಹುಡುಕಿ ಮೇಲೆತ್ತುವ ಉಪಾಯಗಳು ಗೊತ್ತಿದ್ದಷ್ಟನ್ನೂ ಅವಳು ಮಾಡಿದಳು. ಅಳಿಸಿದ ಜಾಗದ ಮೇಲೆ ಆ ಎರಡು ಮದುವೆಗಳು ಕೂತಿದ್ದವು; ಬಂದದ್ದೆಲ್ಲ ಪರರ ಮದುವೆಯ ಚೂರುಗಳು. ಮಾಮಿ ತಂದಿಟ್ಟ ಚಹಾ ಕೆನೆಗಟ್ಟಿತು. ಅಳು ಬರಬೇಕಿತ್ತು ಎಂದು ಅವಳಿಗೆ ಅನಿಸಿತು, ಕಾದಳು, ಬರಲಿಲ್ಲ. ಬಸ್ಸು ಬರದ ನಿಲ್ದಾಣದಲ್ಲಿ ಕೂತ ಹಾಗೆ ಕೂತಿದ್ದಳು.

"ಚಾರ್ಮಾಡಿ ಘಾಟಿದ್ದು ಉಂಟಾ?" ಮಾಮಿ ಕೇಳಿದರು. "ಗಾಳಿಗೆ ಟೊಪ್ಪಿ ಹಾರಿದ್ದು. ಅದರಲ್ಲಿ ಅವರು ನಗ್ತಾರೆ."

"ಇಲ್ಲ ಮಾಮಿ."

ಉಳಿದದ್ದು ಅರ್ಧ ನಕಲಿನಲ್ಲಿ ಬಂದ ಕೆಲವು ಫೋಟೊಗಳು ಮಾತ್ರ. ಈ ಮನೆ ಕಟ್ಟುವಾಗ ಮಾಮ ಯಾವುದೋ ಅಂಗಡಿಯಲ್ಲಿ ತೆಗೆದ ಬಚ್ಚಲಿನ ಟೈಲ್ಸಿನ ಚಿತ್ರಗಳು. ಬಿಳಿ, ನೀಲಿ, ಕಪ್ಪು, ಹೂವಿನದ್ದು, ಹೂವಿಲ್ಲದ್ದು.

"ನನ್ನ ಕೈ ತಪ್ಪಿತು ರಶೀ" ಎಂದರು ಉಪ್ಪ, ಕಿಟಕಿಯಿಂದ ತಿರುಗದೆ.

"ಉಪ್ಪನದ್ದಲ್ಲ ಮಾಮಿ, ನಾನು—"

"ಅದು ಈಗ ಬೇಡ" ಎಂದು ಮಾಮಿ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು. "ಆ ಕಪ್ಪು ಟೈಲ್ಸ್ ಇನ್ನೊಮ್ಮೆ ಹಾಕು."

ನುಣುಪಾದ ಕಪ್ಪಿನಲ್ಲಿ ಫೋನು ಹಿಡಿದ ಕೈಯೊಂದು ಮಸುಕಾಗಿ ಮೂಡಿತ್ತು.

"ಉಂಗುರ ಕಾಣ್ತದಾ? ಸ್ವಲ್ಪ ದೊಡ್ಡ ಮಾಡು."

ಅವಳು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಎಂದರು ಮಾಮಿ. ಕೈ ಒಡೆದು ಬೂದುಬಣ್ಣದ ಚೌಕಗಳಾಗುವವರೆಗೂ ಮಾಡಿದಳು. ಮಾಮಿ ಚೌಕಗಳನ್ನೇ ನೋಡುತ್ತಿದ್ದರು.

ಮನೆಗೆ ಬಂದ ಮರುದಿನ ರಾಫಿಯಾ ಹಳೆಯ ಹೆಸರನ್ನು ಹಳೆಯ ಆಜ್ಞೆಗೇ ಬಿಟ್ಟುಕೊಟ್ಟಳು. ತನ್ನದಕ್ಕೆ 'ಬುಟ್ಟಿ' ಎಂದೇ ಹೆಸರಿಟ್ಟು ಉಪ್ಪನಿಗೆ ತೋರಿಸಿದಳು. ಇದು ನಿಜವಾಗಿ ಅಳಿಸುವುದು, ಇದು ಎತ್ತಿಡುವುದು; ಇನ್ನು ಎಲ್ಲಿ ಕೂತರೂ ಗಲಿಬಿಲಿಯಾಗದು. ಉಪ್ಪ ಎಲ್ಲ ಕೇಳಿಕೊಂಡರು. "ಒಳ್ಳೇದಾಯ್ತು" ಎಂದರು.

ಆಮೇಲೆ ಅವರು ಏನನ್ನೂ ಅಳಿಸಲಿಲ್ಲ. ಯಾರ್ಯಾರದೋ ನಿಕಾಹ್, ಯಾರದೋ ತೊಟ್ಟಿಲು, ಕಣ್ಣು ಮುಚ್ಚಿದ ಫೋಟೊಗಳು, ಎರಡೆರಡು ಸಲ ಬಂದಂಥವು, ಎಲ್ಲ ಉಳಿದವು. ಒಂದು ಮಧ್ಯಾಹ್ನ ಜಾಗ ಮುಗಿಯಿತೆಂದು ಪರದೆ ಹೇಳಿತು.

ಬಾಗಿಲಲ್ಲಿ ನಿಂತು ರಾಫಿಯಾ ನೋಡಿದಳು. ಉಪ್ಪ ಆ ಸಾಲನ್ನು ಬೆರಳಿಟ್ಟು ಓದಿದರು, ಇನ್ನೊಮ್ಮೆ ಓದಿದರು. ಆರ್ ಒತ್ತಿದರು. ಎಂ ಒತ್ತಿದರು. ಆಮೇಲೆ ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡರು. ಒಳಗಿನಿಂದ ಉಮ್ಮ ಊಟಕ್ಕೆ ಕರೆದರು. ಎರಡಕ್ಷರದ ಮುಂದೆ ಸಣ್ಣ ಬಿಳಿ ಗೆರೆ ಹೊತ್ತಿ ಆರುತ್ತಿತ್ತು.